ಕಂತು ಕಡಿಮೆ ಇರುವ ಆರೋಗ್ಯ ವಿಮೆ ಯಾವುದು ಎಂದು ಕೇಳಿದವರಿಗೆ

ತಂದೆ-ತಾಯಿ, ಹೆಂಡತಿ, ಮಗು ಎಲ್ಲರನ್ನೂ ಸೇರಿಸಿ 5 ಲಕ್ಷ ರೂಪಾಯಿಯ ಒಂದೇ ಪಾಲಿಸಿ ಮಾಡಿಸಬೇಕು, ಎಲ್ಲಕ್ಕಿಂತ ಕಡಿಮೆ ಕಂತು ಯಾವ ಕಂಪನಿಯದು ಎಂದು ಕೇಳಿದ್ದೀರಿ. 2019ರಲ್ಲಿ ದಾವಣಗೆರೆಯಲ್ಲಿ ಏಜೆಂಟರ ಮುಂದೆ ಕುಳಿತು ನಾನು ಕೇಳಿದ್ದೂ ಇದನ್ನೇ. ಅವರು 3 ಲಕ್ಷದ ಎರಡು ಪಾಲಿಸಿಗಳನ್ನು ತೋರಿಸಿದರು. ಒಂದರ ಕಂತು ಇನ್ನೊಂದಕ್ಕಿಂತ ವರ್ಷಕ್ಕೆ 2,400 ರೂಪಾಯಿ ಕಡಿಮೆ. ಎಪಿಎಂಸಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನನಗೆ ಉಳಿಯುವ ಹಣ ಕಂಡಿತೇ ಹೊರತು, ಆ ವ್ಯತ್ಯಾಸ ಏಕಿದೆ ಎಂದು ಕೇಳಬೇಕೆನಿಸಲಿಲ್ಲ.

2022ರ ಮಳೆಗಾಲದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸುವಾಗ ಯಾವ ರೂಮು ಬೇಕೆಂದು ಕೇಳಿದರು. ರಾಣೇಬೆನ್ನೂರಿನಿಂದ ಬಂದ ತಂಗಿ ರಾತ್ರಿ ಜೊತೆಗಿರಬೇಕಿತ್ತು, ಆದ್ದರಿಂದ ದಿನಕ್ಕೆ 6,000 ರೂಪಾಯಿಯ ಪ್ರತ್ಯೇಕ ಕೊಠಡಿ ಹಿಡಿದೆ. ನಮ್ಮ ಪಾಲಿಸಿಯಲ್ಲಿ ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇಕಡಾ 1, ಅಂದರೆ 3,000 ರೂಪಾಯಿ ಮೀರುವಂತಿಲ್ಲ ಎಂಬುದು ಅಲ್ಲಿಯೇ ತಿಳಿಯಿತು. ಹೆಚ್ಚಿನ 3,000ವನ್ನು ಆರು ದಿನ ನಾನೇ ಕಟ್ಟಿದರೆ 18,000 ಆಗುತ್ತದೆ, ಆಗಲಿ ಎಂದುಕೊಂಡೆ.

ನನ್ನ ತಪ್ಪು ಇಲ್ಲಿಯೇ ಇದೆ, ದಯವಿಟ್ಟು ನಿಧಾನವಾಗಿ ಓದಿ. ಅನೇಕ ಆಸ್ಪತ್ರೆಗಳಲ್ಲಿ ಅದೇ ವೈದ್ಯರು ಅದೇ ಥಿಯೇಟರಿನಲ್ಲಿ ಮಾಡುವ ಅದೇ ಶಸ್ತ್ರಚಿಕಿತ್ಸೆಯ ದರ, ರೋಗಿ ಇರುವ ಕೊಠಡಿಯ ದರ್ಜೆಗೆ ತಕ್ಕಂತೆ ಏರುತ್ತದೆ. ಹೀಗಾಗಿ ಮಿತಿ ಮೀರಿದ ಕೊಠಡಿ ಹಿಡಿದರೆ ಬಾಡಿಗೆಯ ಜೊತೆಗೆ ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ, ಥಿಯೇಟರು, ದಾದಿಯರ ಶುಲ್ಕ ಎಲ್ಲವನ್ನೂ ಕಂಪನಿ ಅದೇ ಪ್ರಮಾಣದಲ್ಲಿ ಕಡಿತ ಮಾಡಬಹುದು. ನಮ್ಮದು ಅರ್ಹತೆಯ ಎರಡು ಪಟ್ಟು ಬಾಡಿಗೆಯ ಕೊಠಡಿಯಾದ್ದರಿಂದ ಎಲ್ಲವೂ ಅರ್ಧವಾಯಿತು. ಒಟ್ಟು ಬಿಲ್ಲು 1,90,000. ಅದರಲ್ಲಿ ಬಾಡಿಗೆ 36,000ಕ್ಕೆ 18,000 ಬಂತು. ಮೇಲೆ ಹೇಳಿದ ಶುಲ್ಕಗಳು 84,000, ಬಂದದ್ದು 42,000. ಔಷಧಿ, ಮೂಳೆಗೆ ಹಾಕಿದ ಇಂಪ್ಲಾಂಟ್ ಮತ್ತು ಪರೀಕ್ಷೆಗಳ 70,000ಕ್ಕೆ ಈ ಕಡಿತ ಅನ್ವಯಿಸದ ಕಾರಣ ಅದು ಪೂರ್ತಿ ಸಿಕ್ಕಿತು. 18,000 ಎಂದುಕೊಂಡಿದ್ದ ನಾನು ಡಿಸ್ಚಾರ್ಜ್ ದಿನ 60,000 ಕಟ್ಟಿದೆ. ಮೂರು ವರ್ಷಗಳಲ್ಲಿ ಕಂತಿನಲ್ಲಿ ಉಳಿಸಿದ್ದು 7,200. ಕಂಪನಿ ಮೋಸ ಮಾಡಲಿಲ್ಲ. ನಾನು ಓದದ ಪುಟದಲ್ಲಿ ಎಲ್ಲವೂ ಬರೆದಿತ್ತು. 2,400 ಹೆಚ್ಚಿನ ಕಂತಿನ ಆ ಇನ್ನೊಂದು ಪಾಲಿಸಿಯಲ್ಲಿ ಬಾಡಿಗೆಯ ಮಿತಿಯೇ ಇರಲಿಲ್ಲ.

ಆದ್ದರಿಂದ ಯಾವ ಕಂಪನಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೊಠಡಿ ಬಾಡಿಗೆಗೆ ಮಿತಿ ಇಲ್ಲದ ಪಾಲಿಸಿಗಳನ್ನಷ್ಟೇ ಮುಂದಿಟ್ಟುಕೊಂಡು, ಆಮೇಲೆ ಕಂತನ್ನು ನೋಡಿ. ಬಿಲ್ಲಿನ ಇಂತಿಷ್ಟು ಪಾಲನ್ನು ನೀವೇ ಕಟ್ಟಬೇಕೆಂಬ ಕೋ-ಪೇ ಷರತ್ತು ಹಿರಿಯರ ಪಾಲಿಸಿಗಳಲ್ಲಿ ಸಾಮಾನ್ಯ, ಅದನ್ನೂ ಕೇಳಿ. ಎಲ್ಲರನ್ನೂ ಒಂದೇ ಪಾಲಿಸಿಗೆ ಸೇರಿಸುವುದು ಕೂಡ ಸರಿಯಲ್ಲ, ಏಕೆಂದರೆ ಇಡೀ ಮನೆಗೆ ಒಂದೇ ವಿಮಾ ಮೊತ್ತ ಹಂಚಿಕೆಯಾಗುವ ಫ್ಲೋಟರ್ ಪಾಲಿಸಿಯ ಕಂತು ಸಾಮಾನ್ಯವಾಗಿ ಮನೆಯ ಹಿರಿಯರ ವಯಸ್ಸಿನ ಮೇಲೆ ನಿಲ್ಲುತ್ತದೆ. ತಂದೆ-ತಾಯಿಗೆ ಬೇರೆಯೇ ಮಾಡಿಸಿ. ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಬರೆದಿದ್ದೀರಿ. ಅದನ್ನು ಅರ್ಜಿಯಲ್ಲಿ ನಿಮ್ಮ ಕೈಯಿಂದಲೇ ಬರೆಯಿರಿ, ಏಜೆಂಟರಿಗೆ ಬಿಡಬೇಡಿ. 2024ರ ನಿಯಮದಂತೆ ಅದಕ್ಕೆ ಕಾಯುವ ಅವಧಿ, ಅಂದರೆ ಪಾಲಿಸಿ ಮಾಡಿಸಿದ ಮೇಲೆ ಆ ಕಾಯಿಲೆಯ ಖರ್ಚಿಗೆ ಹಣ ಸಿಗದ ಕಾಲ, 36 ತಿಂಗಳು ಮೀರುವಂತಿಲ್ಲ.

ನಾನು ಮರುವರ್ಷ ನವೀಕರಣಕ್ಕೆ 45 ದಿನ ಮೊದಲೇ ಅರ್ಜಿ ಕೊಟ್ಟು ಪಾಲಿಸಿಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿಕೊಂಡೆ. ಅಷ್ಟು ವರ್ಷ ಕಾದ ಅವಧಿ ನಷ್ಟವಾಗಲಿಲ್ಲ. ನೀವು ಹೊಸದಾಗಿ ಮಾಡಿಸುತ್ತಿರುವುದರಿಂದ ಪಾಲಿಸಿ ಕೈಗೆ ಬಂದ ಮೇಲೆ ಹಿಂದಿರುಗಿಸಲು 30 ದಿನಗಳ ಅವಕಾಶವಿದೆ. ಆ ದಿನಗಳಲ್ಲಿ ಬಾಡಿಗೆಯ ಷರತ್ತಿರುವ ಪುಟದೊಂದಿಗೆ, ಚಿತ್ರದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ನೀವು ಹೋಗಬಹುದಾದ ಆಸ್ಪತ್ರೆಯ ವಿಮಾ ವಿಭಾಗಕ್ಕೆ ಹೋಗಿ, ಈ ಪಾಲಿಸಿಗೆ ಯಾವ ಕೊಠಡಿ ಸಿಗುತ್ತದೆ ಎಂದು ಕೇಳಿಕೊಂಡು ಬನ್ನಿ.