ಮೂರು ಮಾತಿಗೇ ಮನೆ ಮುರಿಯುತ್ತದೆಯೇ?

ಪ್ರಶ್ನೆ: ಪಾಕಿಸ್ತಾನದ ಉರ್ದು ಧಾರಾವಾಹಿಗಳಲ್ಲಿ ಗಂಡ ಸಿಟ್ಟಿನಲ್ಲಿ ಮೂರು ಸಲ ತಲಾಖ್ ಅಂದರೆ ಸಾಕು, ಹೆಂಡತಿ ಆ ರಾತ್ರಿಯೇ ಗಂಟುಮೂಟೆ ಕಟ್ಟುತ್ತಾಳೆ. ಅಲ್ಲಿನ ಕಾನೂನೇ ಹಾಗೋ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಲ್ಲ. ಅಲ್ಲಿನ 1961ರ ಮುಸ್ಲಿಂ ಕೌಟುಂಬಿಕ ಕಾನೂನುಗಳ ಸುಗ್ರೀವಾಜ್ಞೆಯ 7ನೇ ಸೆಕ್ಷನ್ ಪ್ರಕಾರ, ತಲಾಖ್ ಹೇಳಿದವನು ಯೂನಿಯನ್ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ ಮಂಡಳಿ) ಅಧ್ಯಕ್ಷರಿಗೆ ಲಿಖಿತ ನೋಟಿಸ್ ಕೊಟ್ಟು, ಪ್ರತಿಯನ್ನು ಹೆಂಡತಿಗೂ ತಲುಪಿಸಬೇಕು. 30 ದಿನದೊಳಗೆ ರಾಜಿ ಮಂಡಳಿ ರಚನೆಯಾಗಬೇಕು. ಅಧ್ಯಕ್ಷರಿಗೆ ನೋಟಿಸ್ ತಲುಪಿ 90 ದಿನ ಕಳೆಯದೆ, ಬಸುರಿಯಾಗಿದ್ದರೆ ಹೆರಿಗೆಯೂ ಆಗದೆ, ತಲಾಖ್ ಜಾರಿಯಾಗದು. (ಬಾಯಿಮಾತೇ ಸಾಕೆನ್ನುವ ಧರ್ಮಗುರುಗಳೂ ಇದ್ದಾರೆ, ಅದು ಬೇರೆಯೇ ಜಗಳ.) ನಿಜವಾದ ನಾಟಕ ಇರುವುದು ಆ ಮೂರು ತಿಂಗಳಲ್ಲಿ: ಎರಡೂ ಕಡೆಯ ಪ್ರತಿನಿಧಿಗಳು, ಮೆಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ ಅಥವಾ ಆಸ್ತಿ) ಲೆಕ್ಕ, ಮಕ್ಕಳು ಯಾರ ಬಳಿ ಎಂಬ ಎಳೆದಾಟ. ಸೋಮಾರಿ ಬರಹಗಾರರು ಅದನ್ನೆಲ್ಲ ಹಾರಿಸಿ ಕಪಾಳಮೋಕ್ಷ, ಮಳೆ, ಶೀರ್ಷಿಕೆ ಗೀತೆ ತುರುಕುತ್ತಾರೆ.