ಉಕ್ಕಿಗೆ ಕಲ್ಲು ಹೊದಿಸಿದರೆ ಸುಳ್ಳೇ?

ಪತ್ರ: ಮಾನ್ಯ ಸಂಪಾದಕರೇ, ಹ್ಯೂಸ್ಟನ್ ನಗರದ ನಡುಭಾಗದ ಲೂಯಿಸಿಯಾನ ಬೀದಿಯಲ್ಲಿರುವ 56 ಅಂತಸ್ತಿನ ಕೆಂಪು ಕಚೇರಿ ಕಟ್ಟಡವನ್ನು ಕಳೆದ ಸಂಚಿಕೆಯ ಲೇಖನದಲ್ಲಿ ಕೊಂಡಾಡಿದ್ದೀರಿ. ನಾನು ಅದರ ಸಮೀಪದಲ್ಲೇ ಕೆಲಸ ಮಾಡುವ ಎಂಜಿನಿಯರ್. ಹಿಮ ಬೀಳುವುದೇ ಅಪರೂಪವಾದ ಊರಿನಲ್ಲಿ ಹಾಲೆಂಡಿನ ಹಳೆಯ ಮನೆಗಳ ಇಳಿಜಾರು ಚಾವಣಿ, ಉಕ್ಕಿನ ಚೌಕಟ್ಟಿಗೆ ಗ್ರಾನೈಟ್ ಹೊದಿಕೆ! ಇದು ಕಟ್ಟಡವಲ್ಲ, ವೇಷ. ನಮ್ಮ ಐಹೊಳೆಯ ಶಿಲ್ಪಿಗಳು ಕಲ್ಲನ್ನು ಕಲ್ಲಾಗಿಯೇ ಬಳಸಿದರು. ಗಾಜಿನ ಕಟ್ಟಡವಾದರೂ ತನ್ನ ಒಳಗನ್ನು ಮುಚ್ಚಿಡುವುದಿಲ್ಲ.
— ಓರ್ವ ಓದುಗ, ಹ್ಯೂಸ್ಟನ್

ಉತ್ತರ: ತಮ್ಮ ಪತ್ರ ಖಾರವಾಗಿದೆ, ಬರವಣಿಗೆ ಅಚ್ಚುಕಟ್ಟಾಗಿದೆ. ಕಟ್ಟಡವನ್ನು ದಿನವೂ ನೋಡುವವರ ಮಾತಿಗಿರುವ ತೂಕ ಬೆಂಗಳೂರಿನಲ್ಲಿ ಕುಳಿತು ಬರೆಯುವವನ ಮಾತಿಗೆ ಬಾರದೆಂಬುದೂ ನಿಜ. ಆದರೂ ತಮ್ಮ ಆಪಾದನೆಯನ್ನು ಒಪ್ಪಲಾರೆ.

ತಮಗೆ ಸಲ್ಲಬೇಕಾದದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಇದರ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಗಾಳಿ ಬೀಸಿದತ್ತ ತಿರುಗುವುದರಲ್ಲಿ ನಿಪುಣರಾಗಿದ್ದರು. 1932ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಹೆನ್ರಿ-ರಸೆಲ್ ಹಿಚ್‌ಕಾಕ್ ಅವರೊಡನೆ ಪ್ರದರ್ಶನ ಏರ್ಪಡಿಸಿ, ಅಲಂಕಾರವನ್ನು ತೊರೆದ ಯುರೋಪಿನ ಹೊಸ ಶೈಲಿಯನ್ನು ಅಮೆರಿಕನ್ನರಿಗೆ ಬೋಧಿಸಿದವರೇ, ಅರ್ಧ ಶತಮಾನದ ನಂತರ ಜಾನ್ ಬರ್ಗೀ ಅವರ ಜೊತೆಗೂಡಿ ಈ ಮೊನಚು ನೆತ್ತಿಗಳನ್ನು ಬರೆದರು. ಅವರನ್ನು ನೋಡಿ ಎಂಬತ್ತರ ದಶಕದಲ್ಲಿ ಇತರರು ಅಂಟಿಸಿದ ಅಗ್ಗದ ಕಮಾನು ಕಂಬಗಳನ್ನು ಸಮರ್ಥಿಸುವ ಉಸಾಬರಿ ನನಗೆ ಬೇಡ.

ಆದರೆ ಗಾಜಿನ ಪ್ರಾಮಾಣಿಕತೆಯ ಮಾತು ಬಂದಾಗ ಸುಮ್ಮನಿರಲಾರೆ. ಆ ಪಂಥದವರು ತೀರ್ಥಕ್ಷೇತ್ರವೆಂದು ಬಗೆಯುವ ನ್ಯೂಯಾರ್ಕಿನ ಸೀಗ್ರಾಮ್ ಕಟ್ಟಡ 1958ರಲ್ಲಿ ಮುಗಿಯಿತು. ಅದರ ಕರ್ತೃ ಮೀಸ್ ವಾನ್ ಡೆರ್ ರೋ. ಜಾನ್ಸನ್ ಅವರೇ ಸಹಾಯಕರು. ಬೆಂಕಿಯಿಂದ ರಕ್ಷಣೆಗಾಗಿ ಉಕ್ಕಿನ ಕಂಬಗಳನ್ನು ಕಾಂಕ್ರೀಟಿನಲ್ಲಿ ಮುಚ್ಚಲೇಬೇಕೆಂದು ನಗರದ ನಿಯಮ ಹೇಳಿತು. ಒಳಗಿನ ಚೌಕಟ್ಟು ಹೀಗೆ ಮರೆಯಾದಾಗ ಮೀಸ್ ಮಾಡಿದ್ದೇನು? ಯಾವ ಭಾರವನ್ನೂ ಹೊರದ ಕಂಚಿನ ಪಟ್ಟಿಗಳನ್ನು, ಉಕ್ಕಿನ ತೊಲೆಯ ಆಕಾರದಲ್ಲೇ, ಹೊರಮೈಗೆ ಬುಡದಿಂದ ತುದಿಯವರೆಗೆ ಕೂರಿಸಿದರು. ಅಲಂಕಾರವನ್ನು ಬಿಟ್ಟೆನೆಂದವರೂ ಅಲಂಕಾರವನ್ನೇ ತೊಟ್ಟರು, ಒಪ್ಪಿಕೊಳ್ಳಲಿಲ್ಲ, ಅಷ್ಟೆ.

ಐಹೊಳೆಯ ಸಾಕ್ಷಿಯನ್ನು ತಾವೇ ಕರೆದಿರಿ, ಆದ್ದರಿಂದ ಕೇಳುತ್ತೇನೆ: ಲಾಡಖಾನ್ ಗುಡಿಯ ಚಾವಣಿಯನ್ನು ಗಮನಿಸಿದ್ದೀರಾ? ಅದು ಇಳಿಜಾರು. ಆ ಬಯಲುಸೀಮೆಯಲ್ಲಿ ಹಿಮವಂತೂ ಬೀಳುವುದಿಲ್ಲ, ಮಳೆಯೂ ಕಡಿಮೆಯೇ. ಹಾಸುಗಲ್ಲುಗಳ ಕೂಡುಗೆರೆಗಳ ಮೇಲೆ ಮರದ ದಿಮ್ಮಿಯಂತೆ ಕಡೆದ ಉದ್ದನೆಯ ಕಲ್ಲುಪಟ್ಟಿಗಳಿವೆ. ಮರದ ಮನೆಯ ನೆನಪನ್ನು ಕಲ್ಲಿನಲ್ಲಿ ಉಳಿಸಿಕೊಂಡ ಆ ಚಾಲುಕ್ಯ ಶಿಲ್ಪಿಗಳನ್ನು ವೇಷಧಾರಿಗಳೆಂದು ಕರೆಯಲು ತಮ್ಮ ಮನಸ್ಸೂ ಒಪ್ಪದೆಂದು ನಂಬಿದ್ದೇನೆ.

ಇನ್ನು ತಮ್ಮ ನೆರೆಯ ಕಟ್ಟಡಕ್ಕೆ ಬರೋಣ. 780 ಅಡಿ ಎತ್ತರದ ಈ ಗೋಪುರ 1983ರಲ್ಲಿ ರಿಪಬ್ಲಿಕ್ ಬ್ಯಾಂಕಿಗಾಗಿ ಎದ್ದಿತು; ಕಟ್ಟಿಸಿದವರು ಜೆರಾಲ್ಡ್ ಹೈನ್ಸ್. ರಸ್ತೆಯಾಚೆ ಇದೇ ಜಾನ್ಸನ್ ಮತ್ತು ಬರ್ಗೀ ಎಪ್ಪತ್ತರ ದಶಕದಲ್ಲಿ ಕಟ್ಟಿದ ಪೆನ್ಜಾಯಿಲ್ ಅವಳಿ ಗೋಪುರಗಳು ಹತ್ತೇ ಅಡಿ ಅಂತರದಲ್ಲಿ ಕಪ್ಪು ಗಾಜು ಹೊದ್ದು ನಿಂತಿವೆ. ಅವು 36 ಅಂತಸ್ತಿನವು. ಕೆಂಪು ಗೋಪುರ ಒಂದೇ ಉಸಿರಿಗೆ ಮೇಲೇರದೆ ಮೂರು ಹಂತಗಳಲ್ಲಿ ಹಿಂದೆ ಸರಿಯುತ್ತ ಏರುತ್ತದೆ: ಮೊದಲ ಹಂತ 21ನೆಯ ಅಂತಸ್ತಿಗೆ, ಎರಡನೆಯದು 36ನೆಯದಕ್ಕೆ. ಪಕ್ಕದವರ ಎತ್ತರಕ್ಕೆ ಬಂದಾಗ ಒಮ್ಮೆ ತಡೆದು, ಹೆಗಲು ಕಿರಿದು ಮಾಡಿಕೊಂಡು ಮುಂದೆ ಹೋಗುವ ಈ ಸೌಜನ್ಯವನ್ನು ನಾನು ಆಕಸ್ಮಿಕವೆಂದು ಭಾವಿಸಲಾರೆ.

ಅದಕ್ಕಿಂತಲೂ ನನಗೆ ಪ್ರಿಯವಾದ ಸಂಗತಿ ಕೆಳಗಿದೆ. ನಿವೇಶನದ ಒಂದು ಮೂಲೆಯಲ್ಲಿ ವೆಸ್ಟರ್ನ್ ಯೂನಿಯನ್ ತಂತಿ ಕಂಪನಿಯ ಎರಡಂತಸ್ತಿನ ಕಟ್ಟಡವಿತ್ತು. ಅದರ ಸಲಕರಣೆಗಳನ್ನೂ ನೆಲದಡಿಯ ತಂತಿಗಳನ್ನೂ ಕೀಳುವುದು ವಿಪರೀತ ದುಬಾರಿಯಾಗಿತ್ತು. ಹಾಗಾಗಿ ಅದನ್ನು ಕೆಡವದೆ, ಅದರ ಸುತ್ತಲೂ ಮೇಲೂ ಬ್ಯಾಂಕಿನ ದೊಡ್ಡ ಸಭಾಂಗಣವನ್ನು ಕಟ್ಟಿಬಿಟ್ಟರು. ಕಟ್ಟಡದೊಳಗೆ ಕಟ್ಟಡ! ಒಳಗನ್ನು ಮುಚ್ಚಿಡದಿರುವುದೇ ಪ್ರಾಮಾಣಿಕತೆ ಎನ್ನುವ ಸಿದ್ಧಾಂತಿ ಗಾಜಿನ ಪೆಟ್ಟಿಗೆಯಲ್ಲಿ ಇಂಥ ಅತಿಥಿಯನ್ನು ಎಲ್ಲಿ ಇರಿಸಿಕೊಳ್ಳುತ್ತಿದ್ದನೋ ಕಾಣೆ. ದಪ್ಪ ಕಲ್ಲಿನ ಗೋಡೆ ಅದನ್ನು ಸದ್ದಿಲ್ಲದೆ ಒಳಗೆ ಸೇರಿಸಿಕೊಂಡಿತು.

ಬ್ಯಾಂಕಿನ ಗತಿ ನೋಡಿ. ಟೆಕ್ಸಾಸಿನಲ್ಲಿ ತೈಲಬೆಲೆಯೂ ಜಮೀನಿನ ಬೆಲೆಯೂ ಕುಸಿದಾಗ, ಗೋಪುರ ಎದ್ದ ಐದೇ ವರ್ಷಕ್ಕೆ, 1988ರಲ್ಲಿ ಅದು ಮುಳುಗಿತು. ಅನಂತರ ನಾಮಫಲಕದಲ್ಲಿ ಬೇರೆ ಬೇರೆ ಬ್ಯಾಂಕುಗಳ ಹೆಸರು ಬಂದವು, ಒಂದು ಕೊಳವೆ ಕಂಪನಿಯ ಹೆಸರೂ ಬಂತು. ಹೆಸರು ಎಷ್ಟು ಬದಲಾದರೂ ದೂರದ ಹೆದ್ದಾರಿಯಿಂದ ಬರುವವನು ಆ ಮೆಟ್ಟಿಲಂಚಿನ ನೆತ್ತಿಗಳನ್ನು ಕಂಡು ಗುರುತು ಹಿಡಿಯುತ್ತಾನೆ. ಕಚೇರಿ ಕಟ್ಟಡ ಊರಿಗೆ ಸಲ್ಲಿಸಬೇಕಾದ ಬಾಡಿಗೆ ಇದೇ ಎಂಬುದು ನನ್ನ ಹಳೆಯ ಹಟ.

ನಮ್ಮೂರಿನಲ್ಲಿ ಆ ಬಾಡಿಗೆ ಕಟ್ಟುವವರು ಕಡಿಮೆಯಾಗಿದ್ದಾರೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಚೇರಿಗಳ ಮುಂದೆ ನಡುಮಧ್ಯಾಹ್ನ ನಿಂತು ನೋಡಿ: ಬಿಸಿಲು ತಾಳಲಾರದೆ ಒಳಗಿನವರು ಪರದೆ ಇಳಿಬಿಟ್ಟು ದೀಪ ಹಾಕಿಕೊಂಡಿರುತ್ತಾರೆ. ತಾವು ಹೇಳಿದ ಒಳಗು ಎಲ್ಲಿ ಕಂಡಿತು? ಫಲಕ ಕಳಚಿದರೆ ಯಾವುದು ಯಾರದೆಂದು ಕಾವಲುಗಾರನೂ ಹೇಳಲಾರ. ಇದನ್ನೇ ಪ್ರಗತಿಯೆಂದು ನಂಬಿಸಿದವರಲ್ಲಿ ನಮ್ಮ ವಾಸ್ತುಶಿಲ್ಪದ ಕಾಲೇಜುಗಳ ಪಾಲೂ ಇದೆ. ಅಲಂಕಾರ ಎಂದೊಡನೆ ಮೂಗು ಮುರಿಯುವುದನ್ನು ಅಲ್ಲಿ ಮೊದಲ ವರ್ಷದಲ್ಲೇ ಕಲಿಸುತ್ತಾರೆ.

ಹ್ಯೂಸ್ಟನ್ನಿನ ಗೋಪುರಗಳ ಮೇಲೆ ತಕರಾರು ಹೂಡಬೇಕೆಂದಿದ್ದರೆ ಚಾವಣಿಯನ್ನು ಬಿಟ್ಟು ನೆಲದಡಿಗೆ ಇಳಿಯಿರಿ. ಅಲ್ಲಿ ಸುಮಾರು ಆರು ಮೈಲಿ ಉದ್ದದ ಹವಾನಿಯಂತ್ರಿತ ಸುರಂಗಗಳು ಕಚೇರಿಯಿಂದ ಕಚೇರಿಗೆ ಹಬ್ಬಿವೆ, ಅಂಗಡಿಗಳೂ ಊಟದ ಜಾಗಗಳೂ ಅಲ್ಲಿಗೇ ಸೇರಿವೆ. ಇದರಿಂದ ಮೇಲಿನ ಬೀದಿಗಳ ಜೀವ ಸೊರಗಿತು. ಕಲ್ಲಿನ ಕಟ್ಟಡವೂ ಗಾಜಿನ ಕಟ್ಟಡವೂ ಈ ದೋಷದಲ್ಲಿ ಸಮಾನ ಪಾಲುದಾರರು. 2001ರ ಆಲಿಸನ್ ಚಂಡಮಾರುತದಲ್ಲಿ ಆ ಸುರಂಗಗಳಿಗೆ ನೀರು ನುಗ್ಗಿದ್ದನ್ನು ತಮ್ಮ ಹಿರಿಯ ಸಹೋದ್ಯೋಗಿಗಳು ಕಂಡಿರಬಹುದು. ಅವರನ್ನು ಮಾತನಾಡಿಸಿ ಒಂದು ಲೇಖನ ಬರೆದು ಕಳುಹಿಸಿ. ಚಾವಣಿಯ ಸುದ್ದಿ ಎತ್ತದಿದ್ದರೆ ಒಂದಕ್ಷರವನ್ನೂ ತಿದ್ದದೆ ಪ್ರಕಟಿಸುತ್ತೇನೆ.

— ಸಂ.