ಆಗಿನ ಡಬ್ಲ್ಯೂಡಬ್ಲ್ಯೂಎಫ್ ಚೆನ್ನಾಗಿತ್ತಾ, ಇಲ್ಲಾ ನಮಗೇ ವಯಸ್ಸಾಯ್ತಾ?

ಹೌದು, ವಯಸ್ಸಾಗಿದೆ. ಆದರೆ ಅದೊಂದೇ ಕಾರಣ ಅಲ್ಲ.

ನೀವು ಕೇಳಿದ್ದು, ಅಮೆರಿಕದ ಡಬ್ಲ್ಯೂಡಬ್ಲ್ಯೂಎಫ್ ಕಂಪನಿ ತೋರಿಸುತ್ತಿದ್ದ 90ರ ದಶಕದ ಟಿವಿ ಕುಸ್ತಿಗೂ ಈಗಿನದ್ದಕ್ಕೂ ಏನು ವ್ಯತ್ಯಾಸ, ಆಗಿನ ಮಜಾ ಈಗ ಯಾಕೆ ಸಿಗಲ್ಲ ಅಂತ. "ಆಗ ರಕ್ತ ಬರ್ತಿತ್ತು, ಕುರ್ಚಿಯಲ್ಲಿ ಹೊಡೀತಿದ್ರು, ಈಗ ಬರೀ ಮಕ್ಕಳ ಆಟ" ಅಂತ ಸುಮಾರು ಜನ ಹೇಳುತ್ತಾರೆ. ನನಗೆ ಅದು ಅರ್ಧ ಮಾತ್ರ ಸರಿ ಅನಿಸುತ್ತದೆ. ರಿಂಗ್ ಒಳಗಿನವರಿಗಿಂತ ಹೊರಗೆ ಕೂತು ನೋಡುವ ನಾವೇ ಜಾಸ್ತಿ ಬದಲಾಗಿದ್ದೇವೆ. ಮೊದಲು ಪೈಲ್ವಾನನನ್ನು ನೋಡುತ್ತಿದ್ದೆವು. ಈಗ ಜೋಡಿ ಕಟ್ಟಿದವನನ್ನು ನೋಡುತ್ತೇವೆ.

ಜೋಡಿ ಕಟ್ಟೋದು ಅಂದರೆ ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ. ದಸರಾ ಕುಸ್ತಿಗೆ ಮುಂಚೆ ಹಿರಿಯ ಪೈಲ್ವಾನರು, ಉಸ್ತಾದರು ಕೂತು, ತೂಕ, ವಯಸ್ಸು, ಅನುಭವ ನೋಡಿ, ಯಾರಿಗೆ ಯಾರು ಅಂತ ಗೊತ್ತು ಮಾಡುತ್ತಾರೆ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಕೈ ಹಿಡಿಸುತ್ತಾರೆ. ಜೋಡಿ ಸರಿಯಿಲ್ಲದಿದ್ದರೆ ಮೈದಾನದಲ್ಲಿ ಬೈಗುಳ ಬೀಳೋದು ಸೋತವನಿಗಲ್ಲ, ಕಟ್ಟಿದವರಿಗೆ.

ನಾನು ಬೆಳೆದದ್ದು ಕೆ.ಆರ್. ಮೊಹಲ್ಲಾದಲ್ಲಿ. ಸಂತೇಪೇಟೆಯಲ್ಲಿ ಕೊಂಡ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡಿನ ಕಟ್ಟು ಒಂದಿತ್ತು. ಆಟ ಕೊನೇ ಬೆಂಚಿನಲ್ಲಿ. ಯಾರ ಕಾರ್ಡಿನ ಅಂಕಿ ದೊಡ್ಡದೋ ಅವನು ಗೆದ್ದ. ಕೈಯಲ್ಲಿ ಜೈಂಟ್ ಗೊನ್ಸಾಲೆಸ್ ಇದ್ದರೆ ಕಣ್ಣು ಮುಚ್ಚಿಕೊಂಡು "ಎತ್ತರ" ಅನ್ನಬೇಕು. ಯೊಕೊಜುನಾ ಬಂದರೆ "ತೂಕ". ಎದುರಿನವನ ಮುಖ ಅಲ್ಲೇ ಇಳಿದುಹೋಗುತ್ತಿತ್ತು. ಮೂಲೆ ಸವೆದು, ಟಿಫನ್ ಡಬ್ಬಿ ಎಣ್ಣೆ ಹತ್ತಿ, ಯಾವ ಕಾರ್ಡ್ ಯಾವುದು ಅಂತ ಹಿಂಬದಿ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಆಡುತ್ತಿದ್ದೆವು. ಅಂಡರ್‌ಟೇಕರ್ ಏಳು ಸಲ ಸತ್ತು ಎದ್ದು ಬಂದಿದ್ದಾನೆ ಅನ್ನೋದರ ಬಗ್ಗೆ ತರಗತಿಯಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಏಳೋ ಒಂಬತ್ತೋ ಅನ್ನೋದಕ್ಕೆ ಮಾತ್ರ ಜಗಳ.

ನಮ್ಮ ತಾತ ಹಳೇ ಗರಡಿ ಆಳು. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ಬಾಗಿಲು, ಕೆಮ್ಮಣ್ಣು, ಗೋಡೆ ಮೇಲೆ ಆಂಜನೇಯ. ಅವರ ಪ್ರಪಂಚ ಅಷ್ಟೇ. ಮಂಡಿ ಹೋಗಿ ಸಾಮು ಬಿಟ್ಟ ಮೇಲೆ ಸಂಜೆ ಹೊತ್ತು ನನ್ನ ಜೊತೆ ಟಿವಿ ಮುಂದೆ ಕೂರೋರು. ಇದಕ್ಕೆ ಅವರು ಇಟ್ಟಿದ್ದ ಹೆಸರು "ದಾರಾಸಿಂಗ್ ಕುಸ್ತಿ". ದಾರಾಸಿಂಗ್ ಮೇಲೆ ಗೌರವ ಇರಲಿಲ್ಲ ಅಂತಲ್ಲ. 1968ರಲ್ಲಿ ಬಾಂಬೆಯಲ್ಲಿ ಅಮೆರಿಕದ ಲೂ ಥೆಜ್‌ನನ್ನು ಸೋಲಿಸಿದ್ದನ್ನು ಹೇಳುವಾಗ ಎದೆ ಉಬ್ಬಿಸೋರು. ಆದರೆ ಅದೂ ಮಾರ್‌ಪಿಟ್ ಕುಸ್ತಿ ಅಲ್ಲ, ಅಂದರೆ ಒಬ್ಬ ನಿಜವಾಗಿ ಚಿತ್ ಆಗೋವರೆಗೂ ನಡೆಯೋ ಕುಸ್ತಿ ಅಲ್ಲ, ಅನ್ನೋ ಗುಮಾನಿ ಅವರಿಗೆ ಇದ್ದೇ ಇತ್ತು.

ಒಂದು ಸಂಜೆ ತಾತ ಕನ್ನಡಕ ಮೇಲೇರಿಸಿಕೊಂಡು ಟಿವಿ ಹತ್ತಿರ ಹೋದರು.

"ಲೋ ಮಗ, ಇವ್ನು ಗುದ್ತಾ ಇರೋದು ಕೈಯಲ್ಲಿ. ಕಾಲ್ಯಾಕ್ಲಾ ನೆಲಕ್ಕೆ ಬಡೀತಾನೆ?"

ಮುಂದಿನ ಗುದ್ದಿಗೆ ನೋಡಿದೆ. ಹೌದು, ಬಡೀತಿದ್ದಾನೆ. ಅದರ ಮುಂದಿನದ್ದಕ್ಕೂ ಬಡಿದ. ಸದ್ದು ಬರುತ್ತಿದ್ದದ್ದು ಕಾಲಿನಿಂದ. ಆ ರಿಂಗ್ ಅಂದರೆ ಕೆಳಗೆ ಕಬ್ಬಿಣದ ತೊಲೆ, ಮೇಲೆ ಹಲಗೆ, ಅದರ ಮೇಲೆ ತೆಳು ಫೋಮು, ಕ್ಯಾನ್ವಾಸು. ತಮಟೆ ಇದ್ದ ಹಾಗೆ, ಬಡಿದಷ್ಟೂ ಸದ್ದು. ಅವತ್ತು ನಾನು ಅತ್ತೆ ಅಂತ ಹೇಳಲ್ಲ, ಆದರೆ ಊಟ ಸೇರಲಿಲ್ಲ. ತಾತನಿಗೆ ಇದರ ಪರಿವೆಯೇ ಇಲ್ಲ. ಅವರು ಆಗಲೇ ಬೇರೆ ಏನನ್ನೋ ನೋಡುತ್ತಿದ್ದರು. "ಬೀಳೋದು ಮಾತ್ರ ಚೆನ್ನಾಗಿ ಕಲ್ತವ್ನೆ ಕಣೋ. ಗಲ್ಲ ಎದೆಗೆ ಒತ್ಕೊಂಡು ಬೆನ್ನು ಪೂರ್ತಿ ಹಾಸ್ತಾನೆ ನೋಡು."

ಅಂದಹಾಗೆ, ಈ ಸುಳ್ಳು ಟಿವಿ ಬಂದ ಮೇಲೆ ಹುಟ್ಟಿದ್ದಲ್ಲ. ಝ್ಬಿಸ್ಕೊ ಅಂತ ಪೋಲೆಂಡಿನ ಒಬ್ಬ ಪೈಲ್ವಾನ ಇದ್ದ. 1910ರಲ್ಲಿ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನ ಎದುರು ಎರಡೂವರೆ ಗಂಟೆಗೂ ಜಾಸ್ತಿ ಹೊತ್ತು ಆಡಿದ. ಅದರಲ್ಲಿ ಮುಕ್ಕಾಲು ಪಾಲು ಚಾಪೆಗೆ ಅಂಟಿಕೊಂಡು ಮಲಗಿದ್ದೇ. ಡ್ರಾ ಆಯಿತು. ಮತ್ತೆ ಆಡೋ ದಿನ ಆಸಾಮಿ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಗಾಮಾ ಅವನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ. ತಾತ ಹೇಳುತ್ತಿದ್ದ ಕಥೆ ಇಷ್ಟು. ನಡುವಿನ ಭಾಗ ನಾನು ದೊಡ್ಡವನಾದ ಮೇಲೆ ಓದಿದ್ದು. 1925ರ ಹೊತ್ತಿಗೆ ಅಮೆರಿಕದಲ್ಲಿ ಕುಸ್ತಿ ಮೊದಲೇ ಮಾತಾಡಿಕೊಂಡು ಆಡೋ ಆಟ ಆಗಿತ್ತು. ವೇಯ್ನ್ ಮನ್ ಅನ್ನೋ ಫುಟ್‌ಬಾಲ್ ಆಟಗಾರನನ್ನು ಚಾಂಪಿಯನ್ ಮಾಡಿ ಕೂರಿಸಿದ್ದರು. ಆಳು ದೊಡ್ಡವನು, ಪಟ್ಟು ಗೊತ್ತಿಲ್ಲ. ಝ್ಬಿಸ್ಕೊ ಅವನ ಕೈಯಲ್ಲಿ ಸೋಲಬೇಕು ಅಂತ ಒಪ್ಪಂದ. ರಿಂಗಿಗೆ ಹತ್ತಿದವನು ಒಪ್ಪಂದ ಮುರಿದು, ನಿಜವಾಗಿಯೇ ಕುಸ್ತಿ ಮಾಡಿ ಪಟ್ಟ ಕಿತ್ತುಕೊಂಡ. ನಿಜವಾಗಿ ಕುಸ್ತಿ ಮಾಡಿದ್ದಕ್ಕೆ ಮೋಸಗಾರ ಅನ್ನಿಸಿಕೊಂಡ! ಇದನ್ನು ತಾತನಿಗೆ ಹೇಳೋ ಹೊತ್ತಿಗೆ ತಾತ ಇರಲಿಲ್ಲ.

ಹಲ್ಕ್ ಹೋಗನ್ ಕಾಲ ನನಗೆ ಕೇಳಿ ಗೊತ್ತು, ಆಮೇಲೆ ವಿಡಿಯೋದಲ್ಲಿ ನೋಡಿ ಗೊತ್ತು. 1985ರಲ್ಲಿ, ಕಂಪನಿಯ ವರ್ಷಕ್ಕೊಂದು ದೊಡ್ಡ ಶೋ, ಮೊದಲ ರೆಸಲ್‌ಮೇನಿಯಾ. 1987ರಲ್ಲಿ ಹೋಗನ್ ಆಂಡ್ರೆ ದಿ ಜೈಂಟ್‌ನನ್ನು ಎತ್ತಿ ಒಗೆದ. ಸೇರಿದ್ದ ಜನ 93,173 ಅಂತ ಕಂಪನಿ ಲೆಕ್ಕ. ಕಂಪನಿ ಲೆಕ್ಕ ಮತ್ತೆ, ನೋಡಿಕೊಳ್ಳಿ. ಅದೇ ವರ್ಷ, ರಿಂಗಿನಲ್ಲಿ ಬದ್ಧವೈರಿಗಳಾಗಿದ್ದ ಐರನ್ ಶೇಖ್ ಮತ್ತು ಜಿಮ್ ಡಗ್ಗನ್ ಒಂದೇ ಕಾರಿನಲ್ಲಿ ಹೋಗುವಾಗ ಪೊಲೀಸರಿಗೆ ಸಿಕ್ಕಿಬಿದ್ದರು. ಸಿಕ್ಕಿಬಿದ್ದದ್ದಕ್ಕಿಂತ ಒಟ್ಟಿಗೆ ಸಿಕ್ಕಿಬಿದ್ದದ್ದೇ ದೊಡ್ಡ ರಾದ್ಧಾಂತ ಆಯಿತು. 1989ರಲ್ಲಿ ನ್ಯೂ ಜೆರ್ಸಿಯಲ್ಲಿ ಕಂಪನಿಯೇ ಬಾಯಿಬಿಟ್ಟು ಇದು ಸ್ಪರ್ಧೆ ಅಲ್ಲ, ಮನರಂಜನೆ ಅಂದಿತು. ಸತ್ಯದ ಮೇಲಿನ ಪ್ರೀತಿ ಏನೂ ಅಲ್ಲ, ಲೈಸೆನ್ಸು ಮತ್ತು ತೆರಿಗೆಯಿಂದ ತಪ್ಪಿಸಿಕೊಳ್ಳೋಕೆ. ಆ ಸುದ್ದಿ ನಮ್ಮ ಕೊನೇ ಬೆಂಚಿಗೆ ಮಾತ್ರ ತಲುಪಿರಲಿಲ್ಲ.

ನೀವು ಹೇಳೋ "ಆಗಿನ ಮಜಾ" 1996ರಿಂದ 2001ರವರೆಗಿನದ್ದು ಅಂದುಕೊಂಡಿದ್ದೇನೆ. 1996ರ ಜುಲೈನಲ್ಲಿ, ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂನಲ್ಲಿ, ಅಷ್ಟು ವರ್ಷ ಒಳ್ಳೆಯವನಾಗಿದ್ದ ಹೋಗನ್ ಇದ್ದಕ್ಕಿದ್ದಂತೆ ವಿಲನ್ ಆದ. ಜನ ಕೈಗೆ ಸಿಕ್ಕಿದ್ದನ್ನೆಲ್ಲ ರಿಂಗಿಗೆ ಎಸೆದರು. ಲೋಟ, ಬಾಟಲಿ, ಕಸ. ಆ ಕಸ ಬಿದ್ದದ್ದು ಹೋಗನ್ ಮೇಲೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮುಂದಿನ ವರ್ಷ ನವೆಂಬರ್ 9ಕ್ಕೆ ಮಾಂಟ್ರಿಯಲ್‌ನಲ್ಲಿ ಚಾಂಪಿಯನ್ ಬ್ರೆಟ್ ಹಾರ್ಟ್‌ಗೆ ಆದದ್ದು. ಬ್ರೆಟ್ ಡಬ್ಲ್ಯೂಡಬ್ಲ್ಯೂಎಫ್ ಬಿಟ್ಟು ಹೊರಟಿದ್ದ. ಹೋಗೋ ಮುಂಚೆ ಚಾಂಪಿಯನ್ ಬೆಲ್ಟ್ ಬಿಟ್ಟುಕೊಡಬೇಕು, ಆದರೆ ತನ್ನ ದೇಶ ಕೆನಡಾದಲ್ಲಿ ಶಾನ್ ಮೈಕಲ್ಸ್‌ಗೆ ಸೋಲಲ್ಲ ಅಂತ ಅವನ ಪಟ್ಟು. ಶಾನ್ ಅವನನ್ನು ಲಾಕ್ ಹಾಕಿದ. ಬ್ರೆಟ್ ಸೋಲೊಪ್ಪಲಿಲ್ಲ. ಆದರೂ ಮಾಲೀಕ ವಿನ್ಸ್ ಮೆಕ್‌ಮಹನ್ ರಿಂಗ್ ಪಕ್ಕದಲ್ಲೇ ನಿಂತು ಗಂಟೆ ಹೊಡೆಸಿಬಿಟ್ಟ. ಬ್ರೆಟ್ ಅವನ ಮುಖಕ್ಕೆ ಉಗಿದ. ಝ್ಬಿಸ್ಕೊ ಕಥೆಯೇ, ಈ ಸಲ ಮಾತು ಮುರಿದವನು ಯಜಮಾನ. ನನ್ನ ಲೆಕ್ಕದಲ್ಲಿ ಎಲ್ಲ ಬದಲಾಗಿದ್ದು ಅವತ್ತು. ಜೋಡಿ ಕಟ್ಟುವವನ ಕೈ ಮೊದಲ ಸಲ ಜನಕ್ಕೆ ಕಂಡಿತು. ಕಂಪನಿ ಅದನ್ನು ಮುಚ್ಚಿಡಲಿಲ್ಲ, ಮಾರಿಕೊಂಡಿತು. 1998ರಲ್ಲಿ ಯಜಮಾನನೇ ವಿಲನ್, ಅವನಿಗೆ ಹೊಡೆಯೋ ಕೆಲಸಗಾರ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್. ಬಾಸಿಗೆ ಹೊಡೆಯೋದನ್ನು ನೋಡೋಕೆ ಯಾರಿಗೆ ಇಷ್ಟ ಇಲ್ಲ, ಅಲ್ವಾ?

1998ರ ಹೆಲ್ ಇನ್ ಎ ಸೆಲ್ ಅನ್ನೋ ಪಂಜರದ ಕುಸ್ತಿಯನ್ನು ತಾತನ ಜೊತೆ ನೋಡಿದೆ. ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಅಂಡರ್‌ಟೇಕರ್ ಮ್ಯಾನ್‌ಕೈಂಡ್‌ನನ್ನು ಕೆಳಗಿದ್ದ ಮೇಜಿನ ಮೇಲೆ ಎಸೆದ. ಅವನು ಎದ್ದು ಮತ್ತೆ ಹತ್ತಿದ. ಈ ಸಲ ಪಂಜರದ ಚಾವಣಿಯೇ ಕಿತ್ತುಕೊಂಡು ರಿಂಗ್ ಒಳಗೆ ಬಿದ್ದ. ಒಂದು ಹಲ್ಲು ಮುರಿದು ಮೂಗಿನೊಳಗೆ ಹೋಗಿತ್ತು. ತಾತ ತುಂಬಾ ಹೊತ್ತು ಮಾತಾಡಲಿಲ್ಲ. ವಿಜಯದಶಮಿ ಬೆಳಿಗ್ಗೆ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ಒಬ್ಬನ ತಲೆಯಿಂದ ರಕ್ತ ಬಂದ ತಕ್ಷಣ ಬಿಡಿಸಿಬಿಡುತ್ತಾರೆ. ಅದನ್ನೇ ನೆನೆಸಿಕೊಂಡಿರಬೇಕು. "ನಮ್ಮಲ್ಲಿ ರಕ್ತ ಬಂದ್ರೆ ಮುಗೀತು. ಇವ್ರಿಗೆ ರಕ್ತ ಬಂದ ಮೇಲೆ ಶುರು" ಅಂದರು. ಆಮೇಲೆ ಅವರು "ಸುಳ್ಳು" ಅನ್ನೋ ಮಾತು ಆಡಿದ್ದು ನನಗೆ ನೆನಪಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಬ್ರೆಟ್‌ನ ತಮ್ಮ ಓವನ್ ಹಾರ್ಟ್ ಮೇಲಿಂದ ಹಗ್ಗದಲ್ಲಿ ಇಳಿಯೋ ದೃಶ್ಯಕ್ಕೆ ಹೋಗಿ ಬಿದ್ದು ಸತ್ತ. ಶೋ ನಿಲ್ಲಿಸಲಿಲ್ಲ.

ಆ ಕಾಲವನ್ನು ಹೊಗಳುವವರು ಒಂದು ವಿಷಯ ಮರೆತಿರುತ್ತಾರೆ. ಹೆಂಗಸರ ಕುಸ್ತಿ ಅಂತ ಆಗ ತೋರಿಸುತ್ತಿದ್ದದ್ದು ಬಟ್ಟೆ ಎಳೆದಾಡೋದು. ಅಮ್ಮ ಟಿವಿ ಇದ್ದ ಹಾಲ್‌ಗೆ ಬಂದ ಕೂಡಲೇ ನಾನು ರಿಮೋಟ್ ಹುಡುಕುತ್ತಿದ್ದೆ. ಕುಸ್ತಿಯೂ ಅಷ್ಟಕ್ಕಷ್ಟೇ. ಮಾತು ಹದಿನೈದು ನಿಮಿಷ, ಕುಸ್ತಿ ನಾಲ್ಕು ನಿಮಿಷ. ಈಗ ಕೂತು ಆ ವಿಡಿಯೋ ನೋಡಿ, ಅರ್ಧಕ್ಕೇ ಬೇಜಾರಾಗುತ್ತದೆ.

2001ರಲ್ಲಿ ಡಬ್ಲ್ಯೂಸಿಡಬ್ಲ್ಯೂ ಮಾರಾಟ ಆಯಿತು, ಎದುರಾಳಿ ಹೋದ. 2002ರಲ್ಲಿ ಹೆಸರು ಡಬ್ಲ್ಯೂಡಬ್ಲ್ಯೂಇ ಆಯಿತು, ಅದೇ ಡಬ್ಲ್ಯೂಡಬ್ಲ್ಯೂಎಫ್ ಹೆಸರಿನ ವನ್ಯಜೀವಿ ಸಂಸ್ಥೆಯ ಜೊತೆ ಕೇಸಿನಲ್ಲಿ ಸೋತು. ನಮ್ಮಲ್ಲಿ ಟೆನ್ ಸ್ಪೋರ್ಟ್ಸ್ ಬಂತು, ಜಾನ್ ಸೀನಾ ಬಂದ, 2006ರಲ್ಲಿ ಗ್ರೇಟ್ ಖಲಿ ಬಂದು ಅಂಡರ್‌ಟೇಕರ್‌ಗೇ ಹೊಡೆದ. ಖಲಿಗೆ ಕುಸ್ತಿ ಬರುತ್ತಿರಲಿಲ್ಲ, ನಿಜ ಹೇಳೋಣ. ಆದರೂ ಬೀದಿಯಲ್ಲಿ ಪಟಾಕಿ ಹೊಡೆದೆವು. 2007ರಲ್ಲಿ ಕ್ರಿಸ್ ಬೆನ್ವಾ ಅನ್ನೋ ಪೈಲ್ವಾನ ಹೆಂಡತಿ, ಮಗನನ್ನು ಕೊಂದು ತಾನೂ ಸತ್ತ. ಅವನ ಮೆದುಳು ಪರೀಕ್ಷೆ ಮಾಡಿದಾಗ ಭಾರೀ ಪೆಟ್ಟಿನ ಗುರುತು ಸಿಕ್ಕಿತು. 2008ರಿಂದ ಮಕ್ಕಳೂ ನೋಡೋ ಹಾಗೆ ಶೋ ಬದಲಾಯಿಸಿದರು, ಆಮೇಲೆ ತಲೆಗೆ ಕುರ್ಚಿಯಲ್ಲಿ ಹೊಡೆಯೋದನ್ನು ನಿಲ್ಲಿಸಿದರು. "ಈಗ ಕುರ್ಚಿ ಏಟು ಇಲ್ಲ" ಅಂತ ಗೊಣಗುವವರಿಗೆ ನನ್ನ ಹತ್ತಿರ ಮಾತಿಲ್ಲ.

ಈಗಿನವರು ಕುಸ್ತಿಯಲ್ಲಿ ಆಗಿನವರಿಗಿಂತ ಚೆನ್ನಾಗಿದ್ದಾರೆ. ನನಗೆ ಇದರಲ್ಲಿ ಸಂಶಯ ಇಲ್ಲ. ಇಪ್ಪತ್ತು ನಿಮಿಷ, ಅರ್ಧ ಗಂಟೆ ದಮ್ಮು ಹಿಡಿದು ಆಡುತ್ತಾರೆ. 2019ರ ರೆಸಲ್‌ಮೇನಿಯಾದಲ್ಲಿ ಕೊನೆಯ ದೊಡ್ಡ ಕುಸ್ತಿ ಮೂವರು ಹೆಂಗಸರದ್ದು. ನಮ್ಮ ದಸರಾದಲ್ಲೂ ಹುಡುಗಿಯರು ಕಿಶೋರಿ ಪಟ್ಟಕ್ಕೆ ಆಡುತ್ತಾರೆ. ಮಗಳ ಜೊತೆ ಕೂತು ಎರಡನ್ನೂ ನೋಡಬಹುದು, ರಿಮೋಟ್ ಹುಡುಕೋ ಕೆಲಸ ಇಲ್ಲ. ಕಳೆದುಕೊಂಡದ್ದು ಏನು ಅಂದರೆ, ಬೇರೆ ಬೇರೆ ರುಚಿ. ಮೊದಲು ಒಬ್ಬೊಬ್ಬ ಒಂದೊಂದು ಊರಿನಲ್ಲಿ, ಒಂದೊಂದು ಉಸ್ತಾದನ ಹತ್ತಿರ ಪಳಗಿ ಬರುತ್ತಿದ್ದ. ಈಗ ಸುಮಾರು ಜನ ಆರ್ಲ್ಯಾಂಡೊದ ಒಂದೇ ತರಬೇತಿ ಕೇಂದ್ರದಿಂದ ಬರುತ್ತಾರೆ. ಮೊದಲು ನಮ್ಮಲ್ಲೂ ಪಟ್ಟು ನೋಡಿ ಇವನು ಯಾವ ಗರಡಿಯವನು ಅಂತ ಹೇಳೋರು ಇದ್ದರು.

ಈಗ ಆ ಕಸದ ವಿಷಯಕ್ಕೆ ಬರುತ್ತೇನೆ. 2025ರ ಡಿಸೆಂಬರ್‌ನಲ್ಲಿ ಜಾನ್ ಸೀನಾ ಕೊನೇ ಕುಸ್ತಿ ಆಡಿದ. ನಮಗೆ ಭಾನುವಾರ ಬೆಳಿಗ್ಗೆ. "ಎಂದೂ ಬಿಟ್ಟುಕೊಡಬೇಡ" ಅನ್ನೋದನ್ನೇ ಇಪ್ಪತ್ತು ವರ್ಷ ಟೀ ಶರ್ಟ್ ಮೇಲೆ ಹಾಕಿಕೊಂಡು ತಿರುಗಿದವನು ಗುಂಥರ್ ಎದುರು ಕೈ ತಟ್ಟಿ ಸೋಲೊಪ್ಪಿಕೊಂಡ. ಜನ ರೊಚ್ಚಿಗೆದ್ದರು. ಆದರೆ ಗುಂಥರ್ ಮೇಲೆ ಅಲ್ಲ. ಕಥೆ ಬರೆಸುವ ಟ್ರಿಪಲ್ ಎಚ್ ಹೊರಗೆ ಬಂದಾಗ ಅವನಿಗೆ ಛೀಮಾರಿ ಹಾಕಿದರು. 1996ರಲ್ಲಿ ಹೋಗನ್‌ಗೆ ಬಿದ್ದ ಕಸ ಈಗ ಜೋಡಿ ಕಟ್ಟಿದವನ ಮೇಲೆ. ನನ್ನ ಪಕ್ಕದಲ್ಲಿ ಇಡ್ಲಿ ತಟ್ಟೆ ಹಿಡಿದು ಕೂತಿದ್ದ ಹತ್ತು ವರ್ಷದ ಮಗಳು ಅಳಲಿಲ್ಲ. "ಅಪ್ಪ, ಹಿಂಗ್ಯಾಕೆ ಬರೆದ್ರು?" ಅಂದಳು. ಅವಳ ವಯಸ್ಸಿನಲ್ಲಿ ನನಗೆ ಬರೆಯೋರು ಇದ್ದಾರೆ ಅಂತಲೇ ಗೊತ್ತಿರಲಿಲ್ಲ. ನೀವು ಹುಡುಕುತ್ತಿರೋ ಮಜಾ ಅದು ಅಂತ ಕಾಣುತ್ತೆ. ಅದು ಯಾವ ಕಂಪನಿಯ ಹತ್ತಿರವೂ ಇಲ್ಲ.

ಆದರೂ ಒಂದು ಹಳೇದನ್ನು ನೋಡಿ: 1997ರ ರೆಸಲ್‌ಮೇನಿಯಾ 13, ಬ್ರೆಟ್ ಹಾರ್ಟ್ ಎದುರು ಆಸ್ಟಿನ್. ಶುರುವಿನಲ್ಲಿ ಬ್ರೆಟ್ ಹೀರೋ. ಮುಖ ತುಂಬಾ ರಕ್ತ ಇಟ್ಟುಕೊಂಡು ಆಸ್ಟಿನ್ ಸೋಲೊಪ್ಪದೆ ಪ್ರಜ್ಞೆ ತಪ್ಪುತ್ತಾನೆ. ಮುಗಿಯೋ ಹೊತ್ತಿಗೆ ಜನ ಆಸ್ಟಿನ್ ಕಡೆ. ಎಲ್ಲ ಗೊತ್ತಿದ್ದೂ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಟ್ರಂಪ್ ಕಾರ್ಡ್ ಕಟ್ಟು ಇನ್ನೂ ಇದೆ. ಮೊನ್ನೆ ಮಗಳಿಗೆ ಕೊಟ್ಟು ಎಣಿಸಿದೆ, ಒಂದು ಕಮ್ಮಿ. ಯೊಕೊಜುನಾ ಕಾಣೆ.